ಕ್ಲಬ್ ಕಾಂಟ್ರ್ಯಾಕ್ಟ್ ಕೈಗೆ ಕೊಟ್ಟಾಗ ಸಂಬಳ ಆಮೇಲೆ, ಮೊದ್ಲು ತಾರೀಖು ನೋಡಿ

ಕ್ಲಬ್‌ನೋರು ಕಾಂಟ್ರ್ಯಾಕ್ಟ್ ಮೇಲ್ ಮಾಡಿದ ತಕ್ಷಣ ಹುಡುಗ್ರು ಮಾಡೋ ಮೊದಲ್ನೇ ಕೆಲ್ಸ ಪಿಡಿಎಫ್‌ನಲ್ಲಿ ಸಂಬಳ ಎಲ್ಲಿದೆ ಅಂತ ಹುಡುಕೋದು, ಸಿಕ್ಕಿದ್ರೆ ಅದೊಂದೇ ಸಾಲಿನ ಸ್ಕ್ರೀನ್‌ಶಾಟ್ ತೆಗ್ದು ಅಪ್ಪಂಗೆ, ಮಾಮಂಗೆ, ಹಳೇ ಕೋಚ್‌ಗೆ ಕಳ್ಸೋದು, ಮಿಕ್ಕಿದ ಪೇಜ್‌ಗಳು ಹಾಗೇ ಉಳ್ಕೊಳ್ತವೆ. ಇದು ಉಲ್ಟಾ ಆಗ್ಬೇಕು. ಫುಟ್‌ಬಾಲ್ ಕಾಂಟ್ರ್ಯಾಕ್ಟ್‌ನಲ್ಲಿ ಮೊದ್ಲು ಓದ್ಬೇಕಾದ್ದು ತಾರೀಖು. ಯಾವತ್ತು ಶುರು, ಯಾವತ್ತು ಮುಗಿಯತ್ತೆ, ಯಾವ ದಿನದೊಳಗೆ ಯಾರು ಯಾರಿಗೆ ಲೆಟರ್ ಕೊಡ್ಬೇಕು, ತಿಂಗಳಲ್ಲಿ ಎಷ್ಟನೇ ತಾರೀಖು ದುಡ್ಡು ಅಕೌಂಟ್‌ಗೆ ಬೀಳತ್ತೆ. ಆಟಗಾರನ ಕೈಲಿ ಏನಾದ್ರೂ ಬಲ ಅಂತ ಇದ್ರೆ ಅದು ಈ ತಾರೀಖುಗಳಲ್ಲೇ ಇರೋದು, ಮೆಸ್ಸಿ ಅಂಥಾ ಮೆಸ್ಸಿನೇ ಇದ್ರಲ್ಲಿ ಸಿಕ್ಕಾಕೊಂಡ.

2020 ಆಗಸ್ಟ್‌ನಲ್ಲಿ ಅವನು ತನ್ನ ಕ್ಲಬ್ ಬಾರ್ಸಿಲೋನಾಗೆ ಬ್ಯೂರೋಫ್ಯಾಕ್ಸ್ ಅಂತ ಒಂದು ರಿಜಿಸ್ಟರ್ಡ್ ಲೆಟರ್ ಕಳ್ಸಿದ್ದು ನೆನಪಿರ್ಬೋದು. ಸೀಸನ್ ಮುಗಿದ್ಮೇಲೆ ಫ್ರೀಯಾಗಿ ಹೋಗ್ಬೋದು ಅಂತ ಅವನ ಕಾಂಟ್ರ್ಯಾಕ್ಟ್‌ನಲ್ಲಿ ಷರತ್ತು ಇತ್ತು, ಆದ್ರೆ ಜೂನ್ 10ರೊಳಗೆ ಹೇಳ್ಬೇಕಿತ್ತು. ಕೋವಿಡ್‌ನಿಂದ ಆ ಸೀಸನ್ ಆಗಸ್ಟ್‌ವರ್ಗೂ ಎಳ್ಕೊಂಡ್ ಹೋಗಿತ್ತಲ್ಲ, ಹಾಗಾಗಿ ಸೀಸನ್ ಮುಗಿದಿರೋದೇ ಈಗ, ನಾವು ಟೈಮ್‌ಗೆ ಸರಿಯಾಗೇ ಹೇಳಿದೀವಿ ಅನ್ನೋದು ಅವನ ಕಡೆಯವರ ವಾದ. ಜೂನ್ 10 ಅಂದ್ರೆ ಜೂನ್ 10, ಹೋಗ್ಲೇಬೇಕು ಅಂದ್ರೆ 700 ಮಿಲಿಯನ್ ಯೂರೋ ಕಟ್ಟಿ ಹೋಗ್ಲಿ ಅನ್ನೋದು ಕ್ಲಬ್ ವಾದ, ಸ್ಪೇನ್ ಲೀಗ್ ಲಾ ಲಿಗಾನೂ ಕ್ಲಬ್ ಕಡೆಗೇ ನಿಂತ್ಕೊಳ್ತು. ಕೋರ್ಟು ಕಚೇರಿ ಬೇಡ ಅಂತ ಅವನು ಉಳ್ಕೊಂಡ. ನನ್ನ ಕೇಳಿದ್ರೆ, ಅಲ್ಲಿ ಬರೀ ಒಂದು ತಾರೀಖಿನ ಬದ್ಲು ‘ಸೀಸನ್‌ನ ಕೊನೇ ಮ್ಯಾಚ್ ಆದ ಇಷ್ಟು ದಿನದೊಳಗೆ’ ಅಂತ ಬರೆಸಿದ್ರೆ ಜಗಳಾನೇ ಇರ್ತಿರ್ಲಿಲ್ಲ.

ನಾನಿಲ್ಲಿ ಬರೀತಿರೋದು ಮೆಸ್ಸಿಗಲ್ಲ ಬಿಡಿ, ನಮ್ಮ ಹುಡುಗ್ರಿಗೆ. ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್ ಕಡೆ ಒಂದ್ ಕಾಲದಲ್ಲಿ ಚೆನ್ನಾಗಿ ಆಡೋ ಹುಡುಗ ಐಟಿಐ, ಎಚ್‌ಎಎಲ್ ಥರದ ಸರ್ಕಾರಿ ಕಂಪ್ನಿ ಟೀಮ್ ಸೇರ್ಕೊಂಡ್ರೆ ಜೊತೇಲಿ ನೌಕ್ರಿನೂ ಸಿಗ್ತಿತ್ತು, ಮೊಣಕಾಲು ಹೋದ್ರೂ ಒಂದು ಟೇಬಲ್ ಕುರ್ಚಿ ಇರ್ತಿತ್ತು. ಈಗಿರೋದು ಕಾಂಟ್ರ್ಯಾಕ್ಟ್ ಅಷ್ಟೇ. ಮನೆ ಬಾಡಿಗೆಗೆ ಹೋಗುವಾಗ ಅಡ್ವಾನ್ಸ್ ಎಷ್ಟು, ನೋಟಿಸ್ ಎಷ್ಟು ತಿಂಗ್ಳು, ಪೇಂಟಿಂಗ್ ಯಾರ್ದು ಅಂತ ಹತ್ತು ಸಲ ಕೇಳೋ ಅಪ್ಪ-ಅಮ್ಮಂದಿರು ಮಗನ ಕಾಂಟ್ರ್ಯಾಕ್ಟ್ ಬಂದಾಗ ಮಾತ್ರ ‘ಸರ್ ನೀವು ಹೇಳಿದ್ಹಾಗೆ’ ಅಂತ ಸೈನ್ ಹಾಕ್ಸಿಬಿಡ್ತಾರೆ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಎಷ್ಟು ವರ್ಷ, ಯಾವಾಗ ಮಾತಿಗೆ ಕೂರ್ಬೇಕು

ಫಿಫಾ (ಫುಟ್‌ಬಾಲ್‌ನ ವಿಶ್ವ ಸಂಸ್ಥೆ) ರೂಲ್ ಪ್ರಕಾರ ಪ್ರೊಫೆಷನಲ್ ಕಾಂಟ್ರ್ಯಾಕ್ಟ್ ಜಾಸ್ತಿ ಅಂದ್ರೆ 5 ವರ್ಷ, ಕಮ್ಮಿ ಅಂದ್ರೆ ಆ ಸೀಸನ್ ಮುಗಿಯೋವರ್ಗೂ. 18 ತುಂಬಿಲ್ಲ ಅಂದ್ರೆ 3 ವರ್ಷಕ್ಕಿಂತ ಜಾಸ್ತಿ ಮಾಡೋ ಹಾಗಿಲ್ಲ. ಅಷ್ಟೇ ಅಲ್ಲ, ನಮ್ಮ ದೇಶದ ಕಾನೂನಲ್ಲಿ 18ರ ಒಳಗಿನವರು ತಾವೇ ಹಾಕಿದ ಸೈನ್‌ಗೆ ಬೆಲೆ ಇಲ್ಲ, ಹಾಗಾಗಿ ಅಪ್ಪನೋ ಅಮ್ಮನೋ ಜೊತೇಲಿ ಕೂತು ಓದಿ ಸೈನ್ ಹಾಕ್ಬೇಕು. ‘ಹುಡುಗನ್ನ ಕಳ್ಸಿ ಸಾಕು, ನೀವ್ಯಾಕೆ ಬರ್ತೀರಾ ಅಷ್ಟು ದೂರದಿಂದ’ ಅಂತ ಯಾರಾದ್ರೂ ಅಂದ್ರೆ ಅವತ್ತು ಕೆಲ್ಸಕ್ಕೆ ರಜಾ ಹಾಕಿಯಾದ್ರೂ ಹೋಗಿ.

ಇನ್ನೊಂದು ರೂಲ್ ಬಾಯಿಪಾಠ ಇರ್ಬೇಕು. ಕಾಂಟ್ರ್ಯಾಕ್ಟ್ ಮುಗಿಯೋಕೆ 6 ತಿಂಗಳು ಅಥವಾ ಅದಕ್ಕಿಂತ ಕಮ್ಮಿ ಇದ್ದಾಗ ಬೇರೆ ಕ್ಲಬ್ ಜೊತೆ ಮುಂದಿನ ಸೀಸನ್‌ಗೆ ಸೈನ್ ಮಾಡೋಕೆ ನೀವು ಸ್ವತಂತ್ರ. ಮೇ 31ಕ್ಕೆ ಮುಗಿಯತ್ತೆ ಅಂದ್ರೆ ಡಿಸೆಂಬರ್ 1ರಿಂದ. ಅದಕ್ಕೂ ಮುಂಚೆ ನಿಮ್ಮನ್ನ ಮಾತಾಡಿಸ್ಬೇಕು ಅಂದ್ರೆ ಆ ಕ್ಲಬ್‌ನೋರು ಮೊದ್ಲು ನಿಮ್ಮ ಈಗಿನ ಕ್ಲಬ್‌ಗೆ ಬರವಣಿಗೇಲಿ ತಿಳಿಸ್ಬೇಕು. ಕಾಂಟ್ರ್ಯಾಕ್ಟ್ ಮುಗಿದ್ಮೇಲೂ ದುಡ್ಡು ಕೊಟ್ರೇನೇ ಬಿಡ್ತೀವಿ ಅಂತ ಕ್ಲಬ್‌ಗಳು ಹಿಡ್ಕೊಳ್ತಿದ್ದ ಕಾಲ ಯುರೋಪ್‌ನಲ್ಲೂ ಇತ್ತು, ಬೆಲ್ಜಿಯಂನ ಜಾನ್ ಮಾರ್ಕ್ ಬೋಸ್ಮನ್ ಅನ್ನೋ ಆಟಗಾರ ಕೋರ್ಟ್‌ಗೆ ಹೋಗಿ 1995 ಡಿಸೆಂಬರ್ 15ಕ್ಕೆ ತೀರ್ಪು ತಂದ್ಮೇಲೆ ಅದು ನಿಂತಿದ್ದು. ಆ ಮನುಷ್ಯನ ಸ್ವಂತ ಕೆರಿಯರ್ ಮಾತ್ರ ಆ ಕೇಸ್‌ನಲ್ಲೇ ಸವೆದ್ಹೋಯ್ತು.

ಈ 6 ತಿಂಗಳನ್ನ ಹೇಗೆ ಬಳಸ್ಕೊಳ್ಳೋದು ಅನ್ನೋದಕ್ಕೆ ಮೊಹಮ್ಮದ್ ಸಾಲಾನ ನೋಡಿ. ಕಾಂಟ್ರ್ಯಾಕ್ಟ್ 2025 ಜೂನ್‌ಗೆ ಮುಗೀತಿತ್ತು, ಅವನ ಕ್ಲಬ್ ಲಿವರ್‌ಪೂಲ್ ಸುಮ್ನೆ ಕೂತಿತ್ತು. 2024 ನವೆಂಬರ್‌ನಲ್ಲಿ ಸೌತಾಂಪ್ಟನ್ ಮ್ಯಾಚ್ ಗೆಲ್ಸಿಕೊಟ್ಟು, ಸಾಮಾನ್ಯವಾಗಿ ರಿಪೋರ್ಟರ್‌ಗಳ ಮುಂದೆ ನಿಲ್ಲದ ಮನುಷ್ಯ ಅವತ್ತು ನಿಂತು, ಇನ್ನೂ ಆಫರ್ ಬಂದಿಲ್ಲ, ಇರೋದಕ್ಕಿಂತ ಹೋಗೋದೇ ಜಾಸ್ತಿ ಅನ್ನೋ ಥರ ಹೇಳ್ಬಿಟ್ಟ. ಹೇಳಿ ಮನೇಲಿ ಕೂರ್ಲಿಲ್ಲ ಗುರು, ಆ ಲೀಗ್ ಸೀಸನ್‌ನಲ್ಲಿ 29 ಗೋಲು 18 ಅಸಿಸ್ಟ್ (ಗೋಲಿಗೆ ಕೊಟ್ಟ ಪಾಸ್). 2025 ಏಪ್ರಿಲ್ 11ಕ್ಕೆ ಇನ್ನೆರಡು ವರ್ಷಕ್ಕೆ ಸೈನ್ ಆಯ್ತು, ಆಗ ಅವನಿಗೆ 32. ಅದೇ ಟೀಮ್‌ನ ಟ್ರೆಂಟ್ ಅಲೆಕ್ಸಾಂಡರ್ ಆರ್ನಾಲ್ಡ್ ಕಾಂಟ್ರ್ಯಾಕ್ಟೂ ಅದೇ ಜೂನ್‌ಗೆ ಮುಗೀತಿತ್ತು, ಅವನು ರಿಯಲ್ ಮ್ಯಾಡ್ರಿಡ್‌ಗೆ ಹೊರಟ, ಕ್ಲಬ್ ವರ್ಲ್ಡ್ ಕಪ್‌ಗೆ ಬೇಕು ಅಂತ ಬರೀ ಒಂದು ತಿಂಗಳು ಮುಂಚೆ ಬಿಡ್ಸಿಕೊಳ್ಳೋಕೆ ಮ್ಯಾಡ್ರಿಡ್ ಲಿವರ್‌ಪೂಲ್‌ಗೆ ದುಡ್ಡು ಕೊಡ್ತು. ಒಂದು ತಿಂಗಳಿಗೆ ಅಷ್ಟು ಬೆಲೆ ಇದೆ ಅಂದ್ಮೇಲೆ ನಿಮ್ಮ ಒಂದು ವರ್ಷಕ್ಕೆ ಎಷ್ಟಿರ್ಬೇಕು ಯೋಚ್ನೆ ಮಾಡಿ.

ಆದ್ರೆ ಎಲ್ರೂ ಸಾಲಾ ಥರ ಕೊನೇವರ್ಗೂ ಕಾಯೋಕೆ ಹೋಗ್ಬೇಡಿ. ಇಂಜುರಿ ಆದ್ರೆ ಆ 6 ತಿಂಗ್ಳು ನಿಮ್ಮ ವಿರುದ್ಧನೇ ತಿರುಗತ್ತೆ. ಬೇರೆ ಕಡೆ ಬೇಡಿಕೆ ಇದೆ ಅನ್ನೋ ಆಟಗಾರ ಕಾಯ್ಬೋದು, ಈಗಷ್ಟೇ ಬೆಂಚಿಂದ ಎದ್ದು ಬರ್ತಿರೋನು ಒಂದು ವರ್ಷ ಬಾಕಿ ಇದ್ದಾಗಲೇ ಮಾತು ಶುರು ಮಾಡೋದು ಒಳ್ಳೇದು. ಕ್ಲಬ್‌ನೋರು ‘ಸೀಸನ್ ಮುಗೀಲಿ ನೋಡೋಣ’ ಅಂದ್ರೆ ಅದೂ ಒಂದು ಉತ್ತರಾನೇ ಅಂತ ತಿಳ್ಕೊಂಡು ಡಿಸೆಂಬರ್‌ಗೆ ಬೇರೆ ಬಾಗಿಲು ತಟ್ಟಿ.

‘2+1’ ಅಂದ್ರೆ ಆ 1 ಯಾರ್ದು?

ಹುಡುಗ್ರು ತುಂಬಾ ಹೆಮ್ಮೆಯಿಂದ ‘ಟೂ ಪ್ಲಸ್ ಒನ್ ಸಿಕ್ಕಿದೆ ಅಣ್ಣ’ ಅಂತಾರೆ. ಮೂರು ವರ್ಷದ ಕಾಂಟ್ರ್ಯಾಕ್ಟ್ ಸಿಕ್ಕಿದೆ ಅಂತ ಅವರ ಲೆಕ್ಕ. ತೆಗ್ದು ನೋಡಿದ್ರೆ ಆ ಒಂದು ವರ್ಷದ ಆಪ್ಷನ್ ಇರೋದು ಕ್ಲಬ್ ಕೈಲಿ. ಅಂದ್ರೆ ಏನು? ನೀವು ಚೆನ್ನಾಗಿ ಆಡಿದ್ರೆ ಕ್ಲಬ್‌ನೋರು ಹಳೇ ಸಂಬಳಕ್ಕೇ ಇನ್ನೊಂದು ವರ್ಷ ಇಟ್ಕೊಳ್ತಾರೆ, ಆಡ್ಲಿಲ್ಲ ಅಂದ್ರೆ ಎರಡೇ ವರ್ಷಕ್ಕೆ ಟಾಟಾ. ಎರಡೂ ಕಡೆ ಅವರಿಗೇ ಲಾಭ, ನಿಮಗೆ ಗ್ಯಾರಂಟಿ ಇರೋದು ಎರಡು ವರ್ಷ ಮಾತ್ರ.

ಆಪ್ಷನ್ ಆಟಗಾರನ ಕೈಲಿದ್ರೆ ಏನಾಗತ್ತೆ ಅನ್ನೋದಕ್ಕೆ ಎಂಬಾಪೆ ಇದಾನಲ್ಲ. 2022 ಮೇನಲ್ಲಿ ಪ್ಯಾರಿಸ್ ಕ್ಲಬ್ ಪಿಎಸ್‌ಜಿ ಜೊತೆ ಸೈನ್ ಮಾಡಿದ್ದು 2024ರವರ್ಗೂ, ಇನ್ನೊಂದು ವರ್ಷ ಇರ್ಬೇಕೋ ಬೇಡ್ವೋ ಅನ್ನೋದು ಅವನ ಇಷ್ಟ. 2023 ಜೂನ್‌ನಲ್ಲಿ ಒಂದು ಲೆಟರ್ ಕಳ್ಸಿ ಆ ವರ್ಷ ನಂಗೆ ಬೇಡ ಅಂದ. ಕ್ಲಬ್‌ಗೆ ತಲೆ ಕೆಟ್ಟೋಯ್ತು, ಜಪಾನ್ ಟೂರ್‌ಗೆ ಕರ್ಕೊಂಡ್ ಹೋಗ್ಲಿಲ್ಲ, ಸ್ವಲ್ಪ ದಿನ ಮೇನ್ ಟೀಮ್‌ನಿಂದ್ಲೇ ಹೊರಗಿಟ್ರು. ಕೊನೆಗೆ 2024ರಲ್ಲಿ ಟ್ರಾನ್ಸ್‌ಫರ್ ಫೀ (ಹಳೇ ಕ್ಲಬ್‌ಗೆ ಹೊಸ ಕ್ಲಬ್ ಕೊಡೋ ದುಡ್ಡು) ಒಂದ್ ಪೈಸಾ ಇಲ್ದೆ ರಿಯಲ್ ಮ್ಯಾಡ್ರಿಡ್ ಸೇರ್ದ. ಹೋಗುವಾಗ 55 ಮಿಲಿಯನ್ ಯೂರೋ ಸಂಬಳ ಬೋನಸ್ ಬಾಕಿ ಅಂತ ಇನ್ನೊಂದು ಜಗಳ ಎದ್ತು, ಅದನ್ನ ಬಿಟ್ಕೊಡ್ತೀನಿ ಅಂತ ಅವನೇ ಒಪ್ಕೊಂಡಿದ್ದ ಅಂತ ಕ್ಲಬ್, ಎಲ್ಲಿ ಒಪ್ಕೊಂಡೆ ಪೇಪರ್ ತೋರಿಸಿ ಅಂತ ಇವನ ಕಡೆಯವರು. ಬಾಯಿಮಾತಿನ ಗತಿ ಆ ಲೆವೆಲ್‌ನಲ್ಲೂ ಇಷ್ಟೇ.

19 ವರ್ಷದ ಹುಡುಗಂಗೆ ಎಂಬಾಪೆ ಥರ ಆಪ್ಷನ್ ಯಾರೂ ಕೊಡಲ್ಲ, ಅದನ್ನ ಕೇಳಿ ನಗೆಪಾಟಲಾಗೋದು ಬೇಡ. ಕೇಳ್ಬೋದಾದ್ದು ಬೇರೆ ಇದೆ. ಕ್ಲಬ್ ಆಪ್ಷನ್ ಇಟ್ಕೊಳ್ಳಿ, ಆದ್ರೆ ಬಳಸ್ತೀವಿ ಅಂತ ಇಂಥಾ ತಾರೀಖಿನೊಳಗೆ ಮೇಲ್ ಮಾಡ್ಬೇಕು, ಮಾಡ್ಲಿಲ್ಲ ಅಂದ್ರೆ ಆಪ್ಷನ್ ಸತ್ತ ಹಾಗೆ. ಆ ತಾರೀಖು ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಇರ್ಲಿ, ಮೇ 31ರ ರಾತ್ರಿವರ್ಗೂ ನಿಮ್ಮನ್ನ ಕಾಯ್ಸೋ ಹಾಗೆ ಇರ್ಬಾರ್ದು, ಯಾಕಂದ್ರೆ ಅಷ್ಟೊತ್ತಿಗೆ ಬೇರೆ ಕ್ಲಬ್‌ಗಳ ಸೀಟೆಲ್ಲ ತುಂಬಿರತ್ತೆ. ಆಮೇಲೆ ಆಪ್ಷನ್ ಬಳಸಿದ್ರೆ ಆ ವರ್ಷದ ಸಂಬಳ ಎಷ್ಟು ಅನ್ನೋದು ಈಗಲೇ ಅಂಕಿಯಲ್ಲಿ ಇರ್ಬೇಕು. ‘ಪರಸ್ಪರ ಒಪ್ಪಿಗೆ ಮೇರೆಗೆ ಹೆಚ್ಚಿಸಲಾಗುವುದು’ ಅನ್ನೋ ಸಾಲಿಗೆ ನಯಾಪೈಸಾ ಬೆಲೆ ಇಲ್ಲ.

ಈಗ ಸಂಬಳ

ಒಂದು ಉದಾಹರಣೆ ಹಾಕೋಣ. ತಿಂಗಳಿಗೆ 50,000 ಅಂತ ಆಫರ್. ಹುಡುಗ ವರ್ಷಕ್ಕೆ 6 ಲಕ್ಷ ಅಂತ ಮನೇಲಿ ಹೇಳ್ಬಿಟ್ಟಿರ್ತಾನೆ, ಅಮ್ಮ ಚೀಟಿ ಹಾಕೋಕೂ ರೆಡಿ. ತಾರೀಖು ನೋಡಿದ್ರೆ ಸೆಪ್ಟೆಂಬರ್ 1ರಿಂದ ಮೇ 31. ಒಂಬತ್ತೇ ತಿಂಗಳು, 4.5 ಲಕ್ಷ. ಅದ್ರಲ್ಲಿ 10 ಪರ್ಸೆಂಟ್ ಟಿಡಿಎಸ್ ಹಿಡ್ದಿದ್ರೆ 45,000 ಹೋಯ್ತು (ರಿಟರ್ನ್ ಫೈಲ್ ಮಾಡಿದ್ರೆ ವಾಪಸ್ ಬರ್ಬೋದು, ಮಾಡೋರು ಎಷ್ಟು ಜನ ಹೇಳಿ). ಏಜೆಂಟ್‌ಗೆ 5 ಪರ್ಸೆಂಟ್ ಅಂದ್ರೆ 22,500. ಉಳಿದಿದ್ದು 3,82,500. ಬದುಕೋದು ಹನ್ನೆರಡು ತಿಂಗಳು ತಾನೇ, ಭಾಗ್ಸಿದ್ರೆ ತಿಂಗಳಿಗೆ 31,875. ಬೂಟು, ಆಫ್ ಸೀಸನ್ ಜಿಮ್ಮು, ಫಿಸಿಯೋ ಎಲ್ಲಾ ಇದ್ರಲ್ಲೇ.

ಹಾಗಾಗಿ ‘ಇನ್ನೈದು ಸಾವಿರ ಜಾಸ್ತಿ ಮಾಡಿ ಸರ್’ ಅಂತ ಕೇಳೋದಕ್ಕಿಂತ ‘ಹನ್ನೆರಡು ತಿಂಗಳ ಕಾಂಟ್ರ್ಯಾಕ್ಟ್ ಮಾಡಿ ಸರ್’ ಅಂತ ಕೇಳೋದು ಎಷ್ಟೋ ಪಾಲು ಮೇಲು. ಐದು ಸಾವಿರ ಜಾಸ್ತಿ ಆದ್ರೆ ಒಂಬತ್ತು ತಿಂಗಳಿಗೆ 45,000 ಬರತ್ತೆ, ಮೂರು ತಿಂಗಳು ಜಾಸ್ತಿ ಆದ್ರೆ ಒಂದೂವರೆ ಲಕ್ಷ. ಕ್ಲಬ್‌ಗೆ ಮಾಸಿಕ ಸಂಬಳದ ಅಂಕಿ ಮುಟ್ಟೋಕೆ ಇಷ್ಟ ಇರಲ್ಲ, ಒಬ್ಬಂಗೆ ಏರ್ಸಿದ್ರೆ ಡ್ರೆಸ್ಸಿಂಗ್ ರೂಮ್‌ನಲ್ಲಿ ಎಲ್ರೂ ಕೇಳ್ತಾರೆ ಅನ್ನೋ ಭಯ. ಅದೇ ತಿಂಗಳ ಸಂಖ್ಯೆ, ಮನೆ ಬಾಡಿಗೆ, ಊರಿಗೆ ಹೋಗೋ ಫ್ಲೈಟು, ಇಂಥಾದ್ರಲ್ಲಿ ಸ್ವಲ್ಪ ಬಗ್ತಾರೆ. ಬೋನಸ್ ವಿಷ್ಯದಲ್ಲೂ ಹಾಗೇ, ಟೀಮ್ ಟ್ರೋಫಿ ಗೆದ್ರೆ ಇಷ್ಟು ಅನ್ನೋದು ಕೇಳೋಕೆ ಚಂದ, ನಿಮ್ಮಂಥ ಹೊಸಬ್ರಿಗೆ ಬೇಕಾಗಿರೋದು ಇಷ್ಟು ಮ್ಯಾಚ್ ಆಡಿದ್ರೆ ಸಂಬಳದ ಸ್ಲಾಬ್ ತಾನಾಗೇ ಮೇಲೆ ಹೋಗತ್ತೆ ಅನ್ನೋ ಸಾಲು. ಅಲ್ಲೂ ‘ಆಡಿದ್ರೆ’ ಅಂದ್ರೆ ಏನು ಅಂತ ಬರ್ಸಿ, ಸ್ಟಾರ್ಟಿಂಗ್ ಇಲೆವೆನ್ನಾ, ಸಬ್ ಆಗಿ ಒಂದು ನಿಮಿಷ ಇಳಿದ್ರೂ ಲೆಕ್ಕಾನಾ.

ದುಡ್ಡು ಬರ್ದೇ ಇದ್ರೆ

ಇದನ್ನ ಸೈನ್ ಮಾಡೋಕ್ಕಿಂತ ಮುಂಚೆನೇ ಯೋಚ್ನೆ ಮಾಡ್ಬೇಕು, ಯಾಕಂದ್ರೆ ನಮ್ಮ ದೇಶದಲ್ಲಿ ಲೀಗೇ ನಿಂತ್ಹೋಗಿರೋದು ನೋಡಿದೀವಿ. 2025 ಜುಲೈನಲ್ಲಿ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್‌ನ ಆಗ ನಡ್ಸ್ತಿದ್ದ ಕಂಪ್ನಿ, ದೇಶದ ಫುಟ್‌ಬಾಲ್ ಫೆಡರೇಷನ್ ಎಐಎಫ್‌ಎಫ್ ಜೊತೆಗಿನ ಒಪ್ಪಂದ ಡಿಸೆಂಬರ್‌ಗೆ ಮುಗಿಯತ್ತೆ, ಮುಂದೇನು ಅಂತ ಗೊತ್ತಿಲ್ಲ ಅಂತ ಸೀಸನ್‌ನೇ ಹೋಲ್ಡ್‌ಗೆ ಹಾಕ್ತು. ಆಗಸ್ಟ್ ಶುರುವಲ್ಲಿ ನಮ್ಮ ಬೆಂಗಳೂರು ಎಫ್‌ಸಿನೇ ಮೊದಲ ಟೀಮ್‌ನ ಆಟಗಾರರು ಮತ್ತೆ ಸ್ಟಾಫ್ ಸಂಬಳವನ್ನ ಅನಿರ್ದಿಷ್ಟ ಕಾಲ ನಿಲ್ಸಿದೀವಿ ಅಂತ ಪ್ರಕಟಣೆ ಕೊಡ್ತು. ಸುನಿಲ್ ಛೆಟ್ರಿ ಆಡ್ತಿದ್ದ ಕ್ಲಬ್ಬು, ಕಂಠೀರವ ತುಂಬ್ಸಿದ ಕ್ಲಬ್ಬು. ಅಲ್ಲೂ ತಾರೀಖೇ ನೋಡಿ, ಯಾರೋ ಇಬ್ರು 2010ರಲ್ಲಿ ಮಾಡ್ಕೊಂಡ ಒಪ್ಪಂದದ ಕೊನೇ ದಿನ ಹತ್ರ ಬಂತು ಅಂತ ಇಲ್ಲಿ ಹುಡುಗ್ರ ಇಎಂಐ ನಿಲ್ತು.

ಹಾಗಾಗಿ ಕಾಂಟ್ರ್ಯಾಕ್ಟ್‌ನಲ್ಲಿ ‘ಫೋರ್ಸ್ ಮೆಜೂರ್’ (ಯಾರ ಕೈಲೂ ಇಲ್ಲದ ಅವಘಡ) ಅನ್ನೋ ಹೆಡಿಂಗ್ ಹುಡ್ಕಿ. ಭೂಕಂಪ, ಯುದ್ಧ, ಸಾಂಕ್ರಾಮಿಕ ರೋಗ ಅಂತ ಇದ್ರೆ ಸರಿ. ‘ಲೀಗ್ ನಡೆಯದಿದ್ದಲ್ಲಿ’ ಅಂತನೂ ಸೇರ್ಸಿದ್ರೆ ಅಲ್ಲಿ ನಿಲ್ಲಿ. ಪೂರ್ತಿ ತೆಗ್ಸೋಕೆ ಆಗ್ಲಿಲ್ಲ ಅಂದ್ರೂ, ಇಂತಿಷ್ಟು ದಿನ ಸಂಬಳ ನಿಂತ್ರೆ ನಾನು ಫ್ರೀ ಅನ್ನೋ ಒಂದು ಸಾಲು ಕೇಳಿ, ಇಲ್ಲಾಂದ್ರೆ ಸಂಬಳನೂ ಇಲ್ಲ, ಬೇರೆ ಕ್ಲಬ್‌ಗೆ ಹೋಗೋಕೂ ಇಲ್ಲ ಅನ್ನೋ ಸ್ಥಿತಿ.

ಮಾಮೂಲಿ ಸಂಬಳ ಬಾಕಿಗೆ ಫಿಫಾದಲ್ಲೇ ದಾರಿ ಇದೆ. ಎರಡು ತಿಂಗಳ ಸಂಬಳ ಬಾಕಿ ಆಯ್ತು ಅಂದ್ರೆ ಬರವಣಿಗೇಲಿ ನೋಟಿಸ್ ಕೊಟ್ಟು ಕಮ್ಮಿ ಅಂದ್ರೆ 15 ದಿನ ಟೈಮ್ ಕೊಡ್ಬೇಕು, ಆಗ್ಲೂ ಕೊಡ್ಲಿಲ್ಲ ಅಂದ್ರೆ ಕಾಂಟ್ರ್ಯಾಕ್ಟ್ ಮುರಿಯೋಕೆ ನಿಮಗೆ ನ್ಯಾಯವಾದ ಕಾರಣ ಇದೆ ಅಂತ ಲೆಕ್ಕ. ನೋಟಿಸ್‌ಗೆ ದೊಡ್ಡ ಭಾಷೆ ಏನೂ ಬೇಡ, ಇಷ್ಟು ಸಾಕು: ‘ನನ್ನ ಒಪ್ಪಂದದ ಪ್ರಕಾರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳ ಸಂಬಳ ಒಟ್ಟು 1,00,000 ರೂಪಾಯಿ ಬಾಕಿ ಇದೆ. ಈ ಮೇಲ್ ತಲುಪಿದ 15 ದಿನಗಳ ಒಳಗೆ ಪಾವತಿಸಬೇಕಾಗಿ ಕೋರುತ್ತೇನೆ. ಪಾವತಿಯಾಗದಿದ್ದರೆ ಒಪ್ಪಂದವನ್ನು ರದ್ದುಪಡಿಸುವ ನನ್ನ ಹಕ್ಕನ್ನು ಕಾಯ್ದಿರಿಸಿದ್ದೇನೆ.’ ವಾಟ್ಸಾಪ್‌ನಲ್ಲಿ ‘ಸರ್ ಸ್ಯಾಲರಿ ಯಾವಾಗ ಸರ್’ ಅಂತ ಮೂವತ್ತು ಮೆಸೇಜ್ ಹಾಕಿದ್ರೂ ಅದು ನೋಟಿಸ್ ಆಗಲ್ಲ. ಆಮೇಲೆ ಆ 15 ದಿನದಲ್ಲಿ ಪ್ರಾಕ್ಟೀಸ್ ತಪ್ಪಿಸ್ಬೇಡಿ, ಮುನಿಸ್ಕೊಂಡು ಮನೇಲಿ ಕೂತ್ರೆ ತಪ್ಪು ನಿಮ್ಮ ಕಡೆಗೆ ತಿರುಗತ್ತೆ. ಎಐಎಫ್‌ಎಫ್ ನಿಯಮಗಳೂ ಹೆಚ್ಚುಕಮ್ಮಿ ಇದೇ ದಾರೀಲಿ ಇವೆ, ನೀವು ಸೈನ್ ಮಾಡೋ ವರ್ಷದ ರೂಲ್ ಬುಕ್ ಅವರ ಸೈಟ್‌ನಿಂದ ಒಂದ್ಸಲ ಇಳಿಸ್ಕೊಂಡು ಓದಿ, ಜೊತೆಗೆ ಆಟಗಾರರ ಸಂಘ ಎಫ್‌ಪಿಎಐಗೆ ಮೆಂಬರ್ ಆಗಿ.

ಹೊರಗೆ ಹೋಗೋ ಬಾಗಿಲು

ರಿಲೀಸ್ ಕ್ಲಾಜ್ (ಇಷ್ಟು ದುಡ್ಡು ಕಟ್ಟಿದ್ರೆ ಕ್ಲಬ್ ಬಿಡ್ಲೇಬೇಕು ಅನ್ನೋ ಷರತ್ತು) ಅಂದ್ರೆ ಎಲ್ರಿಗೂ ಗೊತ್ತಿರೋದು ನೇಮಾರ್, 2017ರಲ್ಲಿ 222 ಮಿಲಿಯನ್ ಯೂರೋ. ನಂಗೆ ಇಷ್ಟವಾಗೋದು ಗ್ರೀಝ್‌ಮನ್ ಕಥೆ. ಸ್ಪೇನ್‌ನ ಅಟ್ಲೆಟಿಕೋ ಕ್ಲಬ್‌ನಲ್ಲಿ ಅವನ ರಿಲೀಸ್ ಮೊತ್ತ 200 ಮಿಲಿಯನ್ ಇದ್ದಿದ್ದು 2019 ಜುಲೈ 1ಕ್ಕೆ 120 ಆಗ್ತಿತ್ತು. ಬಾರ್ಸಿಲೋನಾ ಜುಲೈ 12ಕ್ಕೆ ಬಂದು 120 ಕಟ್ತು. ಅಟ್ಲೆಟಿಕೋ, ಅಯ್ಯೋ ನೀವು ಮಾತಾಡಿ ಮುಗ್ಸಿದ್ದು ಜುಲೈಗಿಂತ ಮುಂಚೆನೇ, ಆಗ ರೇಟ್ 200 ಇತ್ತು, ಮಿಕ್ಕಿದ್ದು ಕಕ್ಕಿ ಅಂತ ದೂರು ಕೊಡ್ತು. ಕೊನೆಗೆ ಸ್ಪ್ಯಾನಿಷ್ ಫೆಡರೇಷನ್ ಬಾರ್ಸಿಲೋನಾಗೆ ಹಾಕಿದ ದಂಡ 300 ಯೂರೋ. ಮಿಲಿಯನ್ ಅಲ್ಲ ಸ್ವಾಮಿ, ಬರೀ 300.

ಸುವಾರೆಝ್ ಕಥೆ ಇದರ ಇನ್ನೊಂದು ಮುಖ. 2013ರಲ್ಲಿ ಅವನ ಲಿವರ್‌ಪೂಲ್ ಕಾಂಟ್ರ್ಯಾಕ್ಟ್‌ನಲ್ಲಿ 40 ಮಿಲಿಯನ್ ಪೌಂಡ್ ದಾಟಿದ ಆಫರ್ ಬಗ್ಗೆ ಏನೋ ಒಂದು ಷರತ್ತಿದೆ ಅಂತ ಆರ್ಸೆನಲ್ 4,00,00,001 ಪೌಂಡ್ ಆಫರ್ ಇಟ್ತು. ಲಿವರ್‌ಪೂಲ್ ಬಿಡ್ಲೇ ಇಲ್ಲ. ಬಿಡ್ಲೇಬೇಕು ಅನ್ನೋದಕ್ಕೂ ತಿಳಿಸ್ಬೇಕು, ಮಾತಾಡ್ಬೇಕು ಅನ್ನೋದಕ್ಕೂ ಇರೋ ವ್ಯತ್ಯಾಸ ಅಷ್ಟೇ ಅಲ್ಲಿ ಆಟ ಆಡಿದ್ದು. ನಿಮ್ಮ ಕಾಂಟ್ರ್ಯಾಕ್ಟ್‌ನಲ್ಲಿ ‘ವಿದೇಶದಿಂದ ಅಥವಾ ಮೇಲಿನ ಡಿವಿಜನ್‌ನಿಂದ ಆಫರ್ ಬಂದರೆ ಕ್ಲಬ್ ಪರಿಗಣಿಸುವುದು’ ಅಂತ ಇದ್ರೆ ಅದು ಬಾಗಿಲಲ್ಲ, ಗೋಡೆ ಮೇಲೆ ಬಿಡಿಸಿದ ಬಾಗಿಲಿನ ಚಿತ್ರ. ಇಷ್ಟು ಲಕ್ಷ ಕೊಟ್ರೆ, ಇಂಥಾ ತಾರೀಖಿನೊಳಗೆ, ಕ್ಲಬ್ ಬಿಡ್ಲೇಬೇಕು. ಹೀಗಿರ್ಬೇಕು ಸಾಲು.

ಬಾಗಿಲು ಇಲ್ದೇ ಒಡ್ಕೊಂಡು ಹೋದ್ರೆ ಏನಾಗತ್ತೆ ಅನ್ನೋದಕ್ಕೆ ಅನ್ವರ್ ಅಲಿ ಕೇಸ್. ಡೆಲ್ಲಿ ಎಫ್‌ಸಿಯಿಂದ ಮೋಹನ್ ಬಗಾನ್‌ಗೆ ಲೋನ್ (ಎರವಲು) ಮೇಲೆ ಇದ್ದ ಡಿಫೆಂಡರ್, ಅದನ್ನ ಮುರ್ಕೊಂಡು ಈಸ್ಟ್ ಬೆಂಗಾಲ್‌ಗೆ ಸೈನ್ ಮಾಡ್ದ. 2024 ಸೆಪ್ಟೆಂಬರ್‌ನಲ್ಲಿ ಎಐಎಫ್‌ಎಫ್ ಪ್ಲೇಯರ್ ಸ್ಟೇಟಸ್ ಕಮಿಟಿ 4 ತಿಂಗಳ ಸಸ್ಪೆನ್ಷನ್, ಅವನು, ಡೆಲ್ಲಿ ಎಫ್‌ಸಿ, ಈಸ್ಟ್ ಬೆಂಗಾಲ್ ಮೂರೂ ಕಡೆಯವರು ಸೇರಿ ಬಗಾನ್‌ಗೆ 12.90 ಕೋಟಿ ಪರಿಹಾರ ಅಂತ ಆದೇಶ ಮಾಡ್ತು. ಡೆಲ್ಲಿ ಹೈಕೋರ್ಟ್‌ಗೆ ಹೋದ್ಮೇಲೆ ಆ ಆದೇಶ ನಿಲ್ತು, ಅವನು ಆಡಿದ, ಅದೆಲ್ಲ ಸರಿ. ಆದ್ರೆ ದೊಡ್ಡ ಕ್ಲಬ್‌ಗಳ ಲಾಯರ್‌ಗಳು ಬೆನ್ನಿಗಿದ್ರು ಅಲ್ಲಿ. ನಿಮ್ಮ ಬೆನ್ನಿಗೆ ಯಾರಿದಾರೆ? ಫಿಫಾ ರೂಲ್‌ನಲ್ಲಿ 28ರ ಒಳಗೆ ಸೈನ್ ಮಾಡಿದ ಕಾಂಟ್ರ್ಯಾಕ್ಟ್‌ನ ಮೊದಲ ಮೂರು ವರ್ಷ ರಕ್ಷಿತ ಅವಧಿ, ಅದ್ರೊಳಗೆ ಕಾರಣ ಇಲ್ದೆ ಮುರಿದ್ರೆ 4 ತಿಂಗಳ ಬ್ಯಾನ್ ಅನ್ನೋದು ಇದೆ. ಫ್ರಾನ್ಸ್ ಆಟಗಾರ ಲಸಾನಾ ಡಿಯಾರಾ ಕೇಸ್‌ನಲ್ಲಿ 2024 ಅಕ್ಟೋಬರ್‌ಗೆ ಯುರೋಪಿನ ಕೋರ್ಟ್ ಈ ನಿಯಮಗಳನ್ನ ಅಲ್ಲಾಡ್ಸಿದೆ ನಿಜ, ಆದ್ರೆ ಅದನ್ನ ನಂಬ್ಕೊಂಡು ಇಲ್ಲಿ ಯಾರೂ ಸಾಹಸ ಮಾಡ್ಬೇಡಿ.

ಇನ್ನೊಂದು, ಕಾಂಟ್ರ್ಯಾಕ್ಟ್ ಮುಗಿದ್ಮೇಲೂ ಬೇರೆ ಕಡೆ ಆಡೋಕ್ಕಿಂತ ಮುಂಚೆ ನಮ್ಮನ್ನ ಕೇಳ್ಬೇಕು ಅನ್ನೋ ಸಾಲಿದ್ರೆ ಹೆದರ್ಬೇಡಿ. ಕ್ರಿಕೆಟರ್ ಝಹೀರ್ ಖಾನ್ ವಿರುದ್ಧ ಅವನ ಹಳೇ ಮ್ಯಾನೇಜ್‌ಮೆಂಟ್ ಕಂಪ್ನಿ ಹೋಗಿದ್ದ ಕೇಸ್‌ನಲ್ಲಿ 2006ರಲ್ಲೇ ಸುಪ್ರೀಂ ಕೋರ್ಟ್, ಅವಧಿ ಮುಗಿದ ಮೇಲೂ ಕಟ್ಟಿಹಾಕೋ ಅಂಥಾ ಷರತ್ತು ನಡೆಯಲ್ಲ ಅಂದಿದೆ. ಹಾಗೇ ಹಳೇ ಅಕಾಡೆಮಿಯೋರು ‘ಎನ್‌ಒಸಿ ಬೇಕಾದ್ರೆ ದುಡ್ಡು ಕೊಡಿ’ ಅಂತ ಅಪ್ಪ-ಅಮ್ಮನ ಹತ್ರ ಕೇಳಿದ್ರೂ ಕೊಡ್ಬೇಡಿ, ಟ್ರೈನಿಂಗ್ ಕಾಂಪೆನ್ಸೇಷನ್ (ಹುಡುಗನ್ನ ಬೆಳೆಸಿದ್ದಕ್ಕೆ ಪರಿಹಾರ) ಅನ್ನೋದು ಕ್ಲಬ್ಬು ಕ್ಲಬ್ಬಿಗೆ ಕೊಡೋ ದುಡ್ಡು.

ರೂಮ್‌ನಲ್ಲಿ ಕೂತಾಗ

ಸಾಮಾನ್ಯವಾಗಿ ಹೀಗೇ ಇರತ್ತೆ. ‘ಬಾ ಮಗಾ ಕೂತ್ಕೋ, ಕಾಫಿ ಹೇಳ್ಲಾ? ನೋಡು ನಿನ್ ಮೇಲೆ ಕೋಚ್‌ಗೆ ತುಂಬಾ ನಂಬಿಕೆ, ಇವತ್ತು ಸೈನ್ ಹಾಕ್ಬಿಡು, ನಾಳೆ ಅನೌನ್ಸ್ ಮಾಡ್ತೀವಿ, ಇನ್ನಿಬ್ರು ಇದೇ ಪೊಸಿಷನ್‌ಗೆ ಕಾಯ್ತಾ ಇದಾರೆ.’ ಆ ಇನ್ನಿಬ್ರು ನಿಜವಾಗ್ಲೂ ಇರ್ಬೋದು, ಇಲ್ದೇನೂ ಇರ್ಬೋದು, ಅದನ್ನ ಪತ್ತೆ ಮಾಡೋಕೆ ಹೋಗ್ಬೇಡಿ. ‘ತುಂಬಾ ಥ್ಯಾಂಕ್ಸ್ ಸರ್, ನಂಗೂ ಇಲ್ಲೇ ಆಡ್ಬೇಕು ಅಂತನೇ ಆಸೆ. ಡ್ರಾಫ್ಟ್ ಮೇಲ್ ಮಾಡ್ಬಿಡಿ ಸರ್, ಅಪ್ಪ ಒಂದ್ಸಲ ನೋಡ್ಬೇಕು ಅಂದಿದಾರೆ, ಗುರುವಾರ ಸಂಜೆಯೊಳಗೆ ಹೇಳ್ತೀನಿ.’ ನೋಡಿ, ಇಲ್ಲ ಅಂದಿಲ್ಲ, ಬೇಡ ಅಂದಿಲ್ಲ, ಆದ್ರೆ ತಾರೀಖು ಇಟ್ಟಿದ್ದು ನೀವು. ಅಪ್ಪನ ಹೆಸ್ರು ಹೇಳೋದ್ರಲ್ಲಿ ನಾಚಿಕೆ ಏನೂ ಇಲ್ಲ, ನಮ್ಮಲ್ಲಿ ಅದಕ್ಕೆ ಎದುರು ಮಾತಾಡೋ ಮ್ಯಾನೇಜರ್ ಇನ್ನೂ ಹುಟ್ಟಿಲ್ಲ.

‘ಎಷ್ಟು ಎಕ್ಸ್‌ಪೆಕ್ಟ್ ಮಾಡ್ತಿದೀಯಾ’ ಅಂತ ಕೇಳಿದ್ರೆ ಮೊದಲ ಕಾಂಟ್ರ್ಯಾಕ್ಟ್‌ನಲ್ಲಿ ನೀವೇ ಅಂಕಿ ಹೇಳೋದು ಬೇಡ, ಮಾರ್ಕೆಟ್ ನಿಮಗೆ ಗೊತ್ತಿರಲ್ಲ, ಅವರಿಗೆ ಗೊತ್ತಿರತ್ತೆ. ಎರಡನೇ ಸಲ ಕೂರುವಾಗ ಮಾತ್ರ ಲೆಕ್ಕ ತಗೊಂಡ್ ಹೋಗಿ, ಎಷ್ಟು ಮ್ಯಾಚ್, ಎಷ್ಟು ನಿಮಿಷ, ನೀವಿದ್ದಾಗ ಟೀಮ್ ಎಷ್ಟು ಗೋಲು ತಿಂತು, ಇಲ್ದಾಗ ಎಷ್ಟು. ಬೆಲ್ಜಿಯಂ ಆಟಗಾರ ಕೆವಿನ್ ಡಿ ಬ್ರುಯ್ನೆ 2021ರಲ್ಲಿ ಏಜೆಂಟೇ ಇಲ್ದೆ, ಅಪ್ಪ ಮತ್ತೆ ಲಾಯರ್ ಜೊತೆ, ಡೇಟಾ ಅನಲಿಸ್ಟ್‌ಗಳ ರಿಪೋರ್ಟ್ ಇಟ್ಕೊಂಡು ಮ್ಯಾಂಚೆಸ್ಟರ್ ಸಿಟಿ ಜೊತೆ 2025ರವರ್ಗೂ ಕಾಂಟ್ರ್ಯಾಕ್ಟ್ ಮಾಡ್ಕೊಂಡ. ನಿಮಗೆ ಅನಲಿಸ್ಟ್ ಬೇಡ, ಒಂದು ನೋಟ್‌ಬುಕ್ ಸಾಕು, ಆದ್ರೆ ಮೊದಲ ಮ್ಯಾಚ್‌ನಿಂದ್ಲೇ ಬರೀಬೇಕು.

ಏಜೆಂಟ್ ಇಟ್ಕೊಳ್ಳೋದಾದ್ರೆ ಫಿಫಾ ಲೈಸೆನ್ಸ್ ಇದೆಯಾ ನೋಡಿ, ಈಗ ಅದಕ್ಕೆ ಪರೀಕ್ಷೆ ಬರೀಬೇಕು, ಸುಮ್ನೆ ಸಿಗಲ್ಲ. ಏಜೆಂಟ್ ಜೊತೆಗಿನ ಒಪ್ಪಂದ ಫಿಫಾ ಪ್ರಕಾರ 2 ವರ್ಷ ದಾಟೋ ಹಾಗಿಲ್ಲ. ಕಮಿಷನ್‌ಗೆ ವರ್ಷಕ್ಕೆ 2 ಲಕ್ಷ ಡಾಲರ್‌ವರೆಗಿನ ಸಂಬಳಕ್ಕೆ 5 ಪರ್ಸೆಂಟ್ ಅಂತ ಫಿಫಾ ಮಿತಿ ತಂದಿತ್ತು, ಕೋರ್ಟ್ ಕೇಸ್‌ಗಳಿಂದ 2023ರ ಕೊನೇಲಿ ಅದಕ್ಕೆ ತಡೆ ಬಿತ್ತು, ಆದ್ರೂ ಚೌಕಾಸಿಗೆ ಆ 5 ಒಳ್ಳೇ ಅಳತೆ. ಹತ್ತು, ಹದಿನೈದು ಕೇಳೋನು ಏನು ಕೆಲ್ಸ ಮಾಡ್ಕೊಡ್ತಾನೆ ಅಂತ ಅವನನ್ನೇ ಕೇಳಿ.

ಇಂಜುರಿ ಬಗ್ಗೆ ಎರಡೇ ಪ್ರಶ್ನೆ, ಆಪರೇಷನ್ ಮತ್ತೆ ಅದಾದ್ಮೇಲಿನ ಫಿಸಿಯೋ ಖರ್ಚು ಯಾರ್ದು, ಆ ಅವಧೀಲಿ ಪೂರ್ತಿ ಸಂಬಳ ಬರತ್ತಾ. ‘ಮೆಡಿಕಲ್ ಪಾಸ್ ಆದ್ರೆ ಮಾತ್ರ ಈ ಕಾಂಟ್ರ್ಯಾಕ್ಟ್ ಜಾರಿ’ ಅನ್ನೋ ಷರತ್ತು ಫಿಫಾ ಒಪ್ಪಲ್ಲ, ಮೆಡಿಕಲ್ ಮಾಡ್ಸೋದಿದ್ರೆ ಸೈನ್ ಮಾಡ್ಸೋಕ್ಕಿಂತ ಮುಂಚೆ ಮಾಡ್ಸಿಕೊಳ್ಳಿ ಅನ್ನಿ. ಹೆಣ್ಮಕ್ಕಳ ಕ್ಲಬ್‌ಗಳಲ್ಲಿ ಆಡೋರು ಇನ್ನೊಂದು ಗೊತ್ತಿಟ್ಕೊಳ್ಳಿ, 2021ರಿಂದ ಫಿಫಾ ನಿಯಮದಲ್ಲೇ ಕಮ್ಮಿ ಅಂದ್ರೆ 14 ವಾರ ಸಂಬಳ ಸಹಿತ ಹೆರಿಗೆ ರಜೆ ಇದೆ, ಗರ್ಭಿಣಿ ಅಂತ ಕಾಂಟ್ರ್ಯಾಕ್ಟ್ ಕಿತ್ತಾಕೋ ಹಾಗಿಲ್ಲ.

ಸೈನ್ ಆದ್ಮೇಲೆ

ಮಾತು ಮುಗೀತು ಅಂದ್ರೆ ಕಾಂಟ್ರ್ಯಾಕ್ಟ್ ಆಯ್ತು ಅಂತಲ್ಲ. ಮೆಸ್ಸಿ 2021ರಲ್ಲಿ ಅರ್ಧ ಸಂಬಳಕ್ಕೆ ಒಪ್ಕೊಂಡು ಬಾರ್ಸಿಲೋನಾ ಜೊತೆ ಎಲ್ಲಾ ಮಾತಾಡಿ ಮುಗ್ಸಿದ್ದ, ಹಳೇ ಕಾಂಟ್ರ್ಯಾಕ್ಟ್ ಜೂನ್ 30ಕ್ಕೇ ಮುಗಿದಿತ್ತು, ಆಗಸ್ಟ್ 5ಕ್ಕೆ ಕ್ಲಬ್ಬು ಲೀಗ್‌ನ ಹಣಕಾಸು ರೂಲ್‌ನಿಂದ ರಿಜಿಸ್ಟರ್ ಮಾಡೋಕೆ ಆಗಲ್ಲ ಅಂತ ಕೈಚೆಲ್ತು. ಹಾಗಾಗಿ ನಿಮ್ಮ ಹೆಸ್ರು ಫೆಡರೇಷನ್ ರಿಜಿಸ್ಟ್ರೇಷನ್ ಸಿಸ್ಟಮ್‌ನಲ್ಲಿ ಬಂತಾ, ಅಲ್ಲಿರೋ ಶುರು ಕೊನೇ ತಾರೀಖು ನಿಮ್ಮ ಪೇಪರ್‌ನಲ್ಲಿ ಇರೋದೇನಾ, ಎರಡೂ ನೋಡಿ. ಆಪ್ಷನ್ ತಾರೀಖು, ಕೊನೇ 6 ತಿಂಗಳು ಶುರುವಾಗೋ ತಾರೀಖು ಎರಡನ್ನೂ ಫೋನ್ ಕ್ಯಾಲೆಂಡರ್‌ನಲ್ಲಿ ಹಾಕಿ, ಅಮ್ಮನ ಫೋನಲ್ಲೂ ಹಾಕಿ. ಪ್ರತಿ ಪೇಜ್ ಕೆಳಗೆ ಇಬ್ರದ್ದೂ ಸೈನ್, ಕೊನೇ ಪೇಜ್‌ನಲ್ಲಿ ಕ್ಲಬ್ ಸೀಲ್ ಇರೋ ಕಾಪಿ ಅವತ್ತೇ ಕೈಗೆ ಬರ್ಬೇಕು. ‘ಡೈರೆಕ್ಟರ್ ಸೈನ್ ಬಾಕಿ ಇದೆ, ನಾಳೆ ಕಳಿಸ್ತೀವಿ’ ಅಂದ್ರೆ ಅಲ್ಲೇ ಕೂತು ಒಂದೊಂದು ಪೇಜ್ ಫೋಟೋ ಹೊಡೀರಿ, ಕ್ಲಬ್ ಮೇಲ್‌ಗೆ ‘ಇವತ್ತು ನಾನು ಸೈನ್ ಮಾಡಿದ ಪ್ರತಿ’ ಅಂತ ಬರ್ದು ಕಳ್ಸಿ, ಅದು ಸೆಂಟ್ ಆಗಿದ್ದು ನೋಡ್ಕೊಂಡು ಆಮೇಲೆ ಜೆರ್ಸಿ ಹಿಡ್ಕೊಂಡು ಫೋಟೋಗೆ ನಿಂತ್ಕೊಳ್ಳಿ.